ಸಂಘದ ಬಾಗಿಲಿಗೆ ಬರೆದು ಹಾಕುವ ಲೆಕ್ಕ

ಮುಂಗಾರು ಹದವಾಗಿ ಬಿದ್ದು ಮೆಕ್ಕೆಜೋಳ ಮೊಣಕಾಲುದ್ದ ಬೆಳೆದು ಮೇಲುಗೊಬ್ಬರಕ್ಕೆ ಕಾಯುವ ಹೊತ್ತಿಗೆ, ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಕಡೆಯ ಸಹಕಾರ ಸಂಘಗಳ ಮುಂದೆ ಜನ ಸಾಲುಗಟ್ಟುವುದುಂಟು. ಕೇಳುವವರು ನೂರು ಮಂದಿ, ಬಂದಿರುವ ಯೂರಿಯಾ ಅರವತ್ತು ಚೀಲ ಎಂದಾದಾಗ ಸಂಘ ನಡೆಸುವವರ ಯೋಗ್ಯತೆ ಬಯಲಿಗೆ ಬರುತ್ತದೆ. ಎಷ್ಟು ಚೀಲ ಬಂದವು, ಯಾರಿಗೆ ಎಷ್ಟು ಎಂಬುದನ್ನು ಬಾಗಿಲಿಗೆ ಬರೆದು ಹಾಕಿ ಹಂಚಿದರೆ, ಕಡಿಮೆ ಸಿಕ್ಕವನು ಗೊಣಗುತ್ತಲೇ ಮನೆಗೆ ಹೋದರೂ ಮರುವರ್ಷ ಅದೇ ಬಾಗಿಲಿಗೆ ಬರುತ್ತಾನೆ. ರಾತ್ರಿ ಹಿಂದಿನ ಬಾಗಿಲಿನಿಂದ ಹತ್ತು ಚೀಲ ಹೋದವೆಂಬ ಸುದ್ದಿ ಹಬ್ಬಿದರೆ, ಅದು ಸುಳ್ಳೇ ಆಗಿದ್ದರೂ, ಐದು ವರ್ಷ ಗಳಿಸಿದ ನಂಬಿಕೆ ಬೆಳಗಾಗುವುದರೊಳಗೆ ಹೋಗುತ್ತದೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರ ಮಾರಾಟದ ಲೆಕ್ಕ ಇಡಬಲ್ಲದು; ಸಾಲಿನಲ್ಲಿ ಮುಂದೆ ನಿಂತವನು ಯಾರೆಂದು ಅದಕ್ಕೆ ಗೊತ್ತಿಲ್ಲ. ಗೊಬ್ಬರದ ಅಭಾವವನ್ನು ನೀಗುವುದು ಸಂಘದ ಅಧ್ಯಕ್ಷರ ಕೈಯಲ್ಲಿಲ್ಲ. ಇದ್ದುದನ್ನು ಇದ್ದಂತೆ ಹೇಳುವುದು ಅವರ ಕೈಯಲ್ಲೇ ಇದೆ.

ಈ ಮಾತು ಹೊಸದಲ್ಲ. ಹಡಗಲಿ ಸೀಮೆಯಿಂದ ತುಂಗಭದ್ರೆಯನ್ನು ದಾಟಿ ಗದಗಿನ ಕಡೆ ಹೋದರೆ ಕಣಗಿನಹಾಳ ಸಿಗುತ್ತದೆ. ಅಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ನಮ್ಮ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಆಗ ಹೊಳೆಯ ಆ ದಡ ಮುಂಬಯಿ ಪ್ರಾಂತದ್ದು, ಈ ದಡದ ನಮ್ಮ ತಾಲ್ಲೂಕುಗಳು ಮದರಾಸಿನವು. ಆದರೆ ಬರಕ್ಕೆ, ಸಾಹುಕಾರನ ಬಡ್ಡಿಗೆ ಪ್ರಾಂತದ ಗಡಿ ಎಲ್ಲಿಯದು? ಹಿಂದಿನ ವರ್ಷ, 1904ರಲ್ಲಿ ಬಂದ ಕಾನೂನು ಹಳ್ಳಿಯ ಸಂಘಗಳಿಗೆ ಸಾಮಾನ್ಯವಾಗಿ ಅಪರಿಮಿತ ಹೊಣೆಯನ್ನು ವಿಧಿಸಿತ್ತು. ಎಂದರೆ, ಒಬ್ಬನು ಸಾಲ ತೀರಿಸದೆ ಸಂಘ ಮುಳುಗಿದರೆ ಉಳಿದವರ ಹೊಲ-ಮನೆಗೂ ಸಂಚಕಾರ. ಇಂಥ ಕರಾರಿಗೆ ಬಡ ಒಕ್ಕಲಿಗರು ಹೆಬ್ಬೆಟ್ಟು ಒತ್ತಬೇಕಾದರೆ, ಪಕ್ಕದವನ ನಡತೆ ಗೊತ್ತಿರಬೇಕು. ಮುಂದೆ ನಿಂತವನ ಮಾತಿನಲ್ಲಿ ಭರವಸೆ ಇರಬೇಕು. ಸಾಲವನ್ನು ಯಾತಕ್ಕೆ ಕೊಟ್ಟರು, ಯಾರಿಗೆ ಕೊಟ್ಟರು ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು. ಇಂದು ಹೊಣೆ ಪರಿಮಿತವಾಗಿದೆ, ಸರಕಾರದ ನೆರವು ಬಂದಿದೆ. ಅದರೊಂದಿಗೆ ಒಬ್ಬರ ಲೆಕ್ಕವನ್ನು ಮತ್ತೊಬ್ಬರು ನೋಡುವ ಅಭ್ಯಾಸವೂ ಸಡಿಲವಾಯಿತೆಂದು ನಮಗನ್ನಿಸುತ್ತದೆ.

ಸಾಲದ ವಿಷಯವನ್ನೇ ನೋಡೋಣ. ಸಹಕಾರ ಸಂಘಗಳ ಬಡ್ಡಿರಹಿತ ಬೆಳೆ ಸಾಲದ ಮಿತಿಯನ್ನು ರಾಜ್ಯ ಸರಕಾರ 2023ರಲ್ಲಿ 3 ಲಕ್ಷ ರೂಪಾಯಿಯಿಂದ 5 ಲಕ್ಷಕ್ಕೆ ಏರಿಸಿತು. ಆದರೆ ಈ ರಿಯಾಯಿತಿ ಗಡುವಿನೊಳಗೆ ತೀರಿಸಿದವರಿಗೆ ಮಾತ್ರ. ಗಡುವು ತಪ್ಪಿದರೆ ಬಡ್ಡಿಯ ಭಾರ ರೈತನ ತಲೆಗೆ. ಈ ದಿನಾಂಕವನ್ನು ಒಂದು ತಿಂಗಳು ಮೊದಲೇ ಮನೆಮನೆಗೆ ತಿಳಿಸುವ ಸಂಘವೂ ಉಂಟು, ಮುಗಿದ ಮೇಲೆ ನೋಟೀಸು ಕಳಿಸುವ ಸಂಘವೂ ಉಂಟು. ಎರಡಕ್ಕೂ ಒಂದೇ ಕಾನೂನು, ಒಂದೇ ಬ್ಯಾಂಕು.

ಮಳೆ ಕೈಕೊಟ್ಟ ವರ್ಷ ಇದು ಇನ್ನೂ ಸ್ಪಷ್ಟವಾಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಇಂಥ ವರ್ಷ ಅಲ್ಪಾವಧಿ ಸಾಲವನ್ನು ಮಧ್ಯಮಾವಧಿಗೆ ಪರಿವರ್ತಿಸಿಕೊಳ್ಳಲು ದಾರಿ ಉಂಟು. ಆದರೆ ಅದನ್ನು ಸಮಯಕ್ಕೆ ಸರಿಯಾಗಿ ಕೇಳಬೇಕು, ಕಾಗದಪತ್ರ ಒದಗಿಸಬೇಕು. ವಿವೇಕಿಯಾದ ಅಧ್ಯಕ್ಷ ಬೆಳೆ ಒಣಗುವುದನ್ನು ಕಂಡಾಗಲೇ ಸದಸ್ಯರನ್ನು ಕೂಡಿಸಿ ಮಾತಾಡುತ್ತಾನೆ. ಸಾಲ ಮನ್ನಾ ಆದೀತು, ಸುಮ್ಮನಿರಿ ಎನ್ನುವವನು ಆ ದಿನಕ್ಕೆ ಜನಪ್ರಿಯನಾಗುತ್ತಾನೆ; ಮನ್ನಾ ಬಾರದೆ ಹೋದರೆ ಸುಸ್ತಿ ಬಾಕಿಯ ಪಟ್ಟಿಯಲ್ಲಿ ಹೆಸರು ಏರುವುದು ಅವನನ್ನು ನಂಬಿದವರದು.

ಹಾಲಿನ ಸಂಘಗಳಿಂದ ಕಲಿಯಬೇಕಾದ್ದು ಬಹಳವಿದೆ. ಹಾಲು ಹಾಕಿದಾಕೆಯ ಕಣ್ಣೆದುರಿಗೇ ಅಳತೆ, ಕೊಬ್ಬಿನಂಶದ ಪರೀಕ್ಷೆ, ಕೈಗೆ ಚೀಟಿ. ಎಲ್ಲಿ ಇದು ತಪ್ಪದೆ ನಡೆಯುತ್ತದೋ ಅಲ್ಲಿ ಜಗಳಕ್ಕೆ ಎಡೆ ಕಡಿಮೆ.

ಇನ್ನು ಕಾರ್ಯದರ್ಶಿಯ ಪಾಡು. ಅಧ್ಯಕ್ಷರು ಐದು ವರ್ಷಕ್ಕೊಮ್ಮೆ ಬದಲಾದಾರು. ಲೆಕ್ಕ ಬರೆಯುವವನು, ತೂಕ ಹಾಕುವವನು ಅಲ್ಲೇ ಇರುತ್ತಾರೆ. ಆಡಳಿತ ಮಂಡಳಿ ತಾನು ಮಾಡಿದ ತೀರ್ಮಾನದ ದೂರನ್ನು ಇವರ ತಲೆಗೆ ಕಟ್ಟುವ ಪದ್ಧತಿ ಹಲವೆಡೆ ಇದೆ. ಜನರ ಮುಂದೆ ಬೈಸಿಕೊಂಡ ಕಾರ್ಯದರ್ಶಿ ಮರುದಿನದಿಂದ ಯಾರಿಗೂ ಏನನ್ನೂ ಬಿಚ್ಚಿ ಹೇಳುವುದಿಲ್ಲ. ತಪ್ಪಿದ್ದರೆ ಒಳಗೆ ಕೂಡಿಸಿ ಕೇಳಲಿ, ಪುಸ್ತಕ ತರಿಸಿ ನೋಡಲಿ. ತೀರ್ಮಾನ ಮಂಡಳಿಯದಾಗಿದ್ದರೆ ನಮ್ಮದೇ ಎಂದು ಹೊರಗೆ ಹೇಳಲಿ.

ಆರ್ಥಿಕ ವರ್ಷ ಮುಗಿದ ಆರು ತಿಂಗಳೊಳಗೆ ವಾರ್ಷಿಕ ಮಹಾಸಭೆ ನಡೆಯತಕ್ಕದ್ದು. ಅನೇಕ ಕಡೆ ಅದು ಕಾಫಿ, ಖಾರಾ-ಮಂಡಕ್ಕಿಗೆ ಮುಗಿಯುತ್ತದೆ. ಈ ಸಲ ಜಮಾ-ಖರ್ಚನ್ನು ಗಟ್ಟಿಯಾಗಿ ಓದಿಸಿರಿ. ಬಾಕಿದಾರರ ಪಟ್ಟಿಗೆ ಬಂದಾಗ, ನಿರ್ದೇಶಕರು ಮತ್ತು ಅವರ ಮನೆಯವರ ಸಾಲದಿಂದಲೇ ಓದಲು ತೊಡಗಿರೆಂದು ಕೇಳಿರಿ. ಹಾಗೆ ಕೇಳಲು ಪ್ರತಿಯೊಬ್ಬ ಷೇರುದಾರನಿಗೂ ಹಕ್ಕುಂಟು; ಕೇಳುವ ಮೊದಲೇ ಓದಿ ಹೇಳುವ ಅಧ್ಯಕ್ಷರಿದ್ದರೆ ಅವರನ್ನು ಮುಂದಿನ ಚುನಾವಣೆಯಲ್ಲಿ ಬಿಟ್ಟುಕೊಡಬೇಡಿರಿ.