ಉತ್ತರ ಬಂತು ಸರಿ, ಎಷ್ಟು ಹೊತ್ತಿಗೆ ಬಂತು?

ವಿಟಿಯು ಅಲ್ಗಾರಿದಮ್ ಲ್ಯಾಬ್‌ನಲ್ಲಿ ‘ಎನ್ ಕ್ವೀನ್ಸ್’ ಪ್ರೋಗ್ರಾಂ ಇದೆ. ಎಂಟು ರಾಣಿಯರನ್ನು ಒಬ್ಬರನ್ನೊಬ್ಬರು ಹೊಡೆಯದಂತೆ ಚೆಸ್ ಬೋರ್ಡಿನ ಮೇಲೆ ಕೂರಿಸಬೇಕು. ಕೆಂಗೇರಿ ಆಚೆಯ ಕಾಲೇಜಿನಲ್ಲಿ ನಾನಿದನ್ನು ಪ್ರತಿವರ್ಷ ಮಾಡಿಸುತ್ತೇನೆ. ಉತ್ತರ ಬಂದರೆ ರೆಕಾರ್ಡ್ ಬುಕ್ಕಿಗೆ ಸಹಿ. ಅಲ್ಲಿಗೇ ನಿಲ್ಲಿಸಬಾರದು ಎಂಬುದು ನನ್ನ ವಾದ.

ಮಕ್ಕಳ ಕೋಡು ಹೊಸ ರಾಣಿಯನ್ನಿಡುವಾಗಲೆಲ್ಲ ಹಿಂದಿನವರನ್ನು ಒಬ್ಬೊಬ್ಬರಾಗಿ ವಿಚಾರಿಸುತ್ತದೆ. ಕಂಬಸಾಲಿಗೊಂದು, ಓರೆಸಾಲುಗಳಿಗೆರಡು, ಹೀಗೆ ಮೂರೇ ಸಂಖ್ಯೆಗಳ ಬಿಟ್‌ಗಳಲ್ಲಿ ಗುರುತಿಟ್ಟುಕೊಂಡರೆ ಆ ವಿಚಾರಣೆಯೇ ಬೇಡ. ಇದನ್ನು ತೋರಿಸಿದ ದಿನ, ‘ಸರ್, ಎಂಟು ಬೇಡ, ಹದಿನಾಲ್ಕು ಹಾಕೋಣ’ ಎಂದು ಅವರೇ ಕೂಗುತ್ತಾರೆ. 3,65,596 ಉತ್ತರ!

ಅಲ್ಲಿಂದ ಇಡೀ ಚೆಸ್ಸಿಗೆ ಒಂದೇ ಹೆಜ್ಜೆ. ಬೋರ್ಡಿನಲ್ಲಿ 64 ಮನೆ, ಪ್ರೊಸೆಸರಿನ ರಿಜಿಸ್ಟರಿನಲ್ಲಿ 64 ಬಿಟ್. ಬಿಳಿ ಪದಾತಿಗಳ ಸಂಖ್ಯೆಯನ್ನು ಎಂಟು ಬಿಟ್ ಸರಿಸಿದರೆ ಎಲ್ಲವೂ ಒಟ್ಟಿಗೆ ಒಂದು ಮನೆ ಮುಂದೆ. ಕುದುರೆಯ ಜಿಗಿತಗಳನ್ನು ಮೊದಲೇ 64 ಸಂಖ್ಯೆಗಳ ಪಟ್ಟಿ ಮಾಡಿಟ್ಟರಾಯಿತು. ಚೆಸ್ ಆಡುವ ಪ್ರೋಗ್ರಾಂ ಸ್ಟಾಕ್‌ಫಿಶ್‌ನ, ಯಾರು ಬೇಕಾದರೂ ಓದಬಹುದಾದ ಕೋಡಿನಲ್ಲೂ ಇದೇ ಉಪಾಯವಿದೆ.

ತಪ್ಪು ಹಿಡಿಯಲು, ಇಷ್ಟು ನಡೆಗಳಲ್ಲಿ ಆಟ ಎಷ್ಟು ಬಗೆಯಲ್ಲಿ ಸಾಗಬಹುದು ಎಂದು ಲೆಕ್ಕಹಾಕುವ ‘ಪರ್ಫ್ಟ್’ ಎಣಿಕೆ: ಆರಂಭದಿಂದ ಒಂದು ನಡೆಗೆ 20, ಎರಡಕ್ಕೆ 400, ಮೂರಕ್ಕೆ 8,902, ಆರಕ್ಕೆ 11,90,60,324. ಒಂದು ಹೆಚ್ಚುಕಡಿಮೆಯಾದರೂ ಕೋಡು ತಪ್ಪು. (ಕ್ಯಾಸ್ಲಿಂಗ್ ಇಷ್ಟರೊಳಗೆ ಬರುವುದಿಲ್ಲ, ಅದಕ್ಕೆ ಬೇರೆ ಸ್ಥಿತಿ ಕೊಡಬೇಕು.) ಲೆಕ್ಕ ಕೂಡಿದ ಮೇಲಷ್ಟೇ ಗಡಿಯಾರ ನೋಡಬೇಕು.

ಗಡಿಯಾರ ಕಲಿಸುವುದು ಬಹಳ. ಆನೆ, ಒಂಟೆಗಳ ದಾರಿ ಹುಡುಕಲು ‘ಪೆಕ್ಸ್ಟ್’ ಎಂಬ ಇನ್‌ಸ್ಟ್ರಕ್ಷನ್ ಇದೆ. ಇಂಟೆಲ್‌ನಲ್ಲಿ 2013ರ ಹ್ಯಾಸ್ವೆಲ್‌ನಿಂದಲೂ ಚುರುಕು. ಎಎಂಡಿಯ ಮೊದಲ ರೈಜನ್‌ಗಳಲ್ಲಿ ಅದೇ ತೀರಾ ನಿಧಾನ, 2020ರ ಝೆನ್ 3ರಲ್ಲಿ ಸರಿಹೋಯಿತು. ಬಸವೇಶ್ವರನಗರದ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಓಡುವ ಕೋಡು ರಾಜಾಜಿನಗರದ ಹುಡುಗನದರಲ್ಲಿ ತೆವಳಿದರೆ, ಅಳೆಯದೆ ಕಾರಣ ತಿಳಿಯುವುದು ಹೇಗೆ?

ಕಂಪೈಲರ್ ನೋಡಿಕೊಳ್ಳುತ್ತದೆ, ಎಐ ಬಂದಿದೆ, ಇದೆಲ್ಲ ಏಕೆ ಎನ್ನುವವರಿದ್ದಾರೆ. ಕಂಪೈಲರ್ ನೀವು ಬರೆದ ಲೂಪನ್ನು ಚುರುಕು ಮಾಡೀತು, ಬೋರ್ಡನ್ನೇ ಒಂದು ಸಂಖ್ಯೆಯಾಗಿ ಕಾಣುವುದಿಲ್ಲ. 2020ರ ಸೆಪ್ಟೆಂಬರಿನಲ್ಲಿ ಸ್ಟಾಕ್‌ಫಿಶ್ 12ಕ್ಕೆ ನ್ಯೂರಲ್ ನೆಟ್‌ವರ್ಕ್ ಬಂದಾಗ ಅದು ಗ್ರಾಫಿಕ್ಸ್ ಕಾರ್ಡಿಲ್ಲದೆ ಸಾಮಾನ್ಯ ಪ್ರೊಸೆಸರಿನಲ್ಲೇ ಓಡಿತು. ಒಂದು ಕಾಯಿ ಸರಿದರೆ ಮೊದಲ ಪದರದ ಲೆಕ್ಕವನ್ನೆಲ್ಲ ಮತ್ತೆ ಮಾಡದೆ, ಬದಲಾದಷ್ಟನ್ನೇ ತಿದ್ದುವಂತೆ ಅದನ್ನು ರೂಪಿಸಿದ್ದರು. ಎಐಗೂ ಬೇಕಾದದ್ದು ಈ ಜಾಣ್ಮೆಯೇ.

ಹೊಸ ಕಂಪ್ಯೂಟರ್ ಕೊಳ್ಳಬೇಕಿಲ್ಲ. ರೆಕಾರ್ಡ್ ಬುಕ್ಕಿನಲ್ಲಿ ‘ಔಟ್‌ಪುಟ್’ ಪಕ್ಕ ‘ಸಮಯ’ ಎಂಬ ಕಾಲಂ ಹಾಕಿಸಿ. ವೈವಾಗೆ ಬರುವ ಪರೀಕ್ಷಕರು, ಇಷ್ಟು ಹೊತ್ತು ಏಕೆ ಹಿಡಿಯಿತು ಎಂದು ಕೇಳಲಿ.