ತಡವಾಗಿ ಏಳುವ ಹುಡುಗಿ

ಬೆಳಗ್ಗೆ ತಡವಾಗಿ ಏಳುವ ಹುಡುಗಿಯನ್ನು ಮೈಗಳ್ಳಿಯೆಂದು ಹಳಿಯುವುದು ನಮಗೆ ಸಮ್ಮತವಲ್ಲ. ನಿದ್ರೆಗೆ ಶರೀರವನ್ನು ಅಣಿಗೊಳಿಸುವ ಮೆಲಟೋನಿನ್ ಎಂಬ ಸ್ರಾವವು ಹರೆಯದಲ್ಲಿ ರಾತ್ರಿ ತಡವಾಗಿ ಹೊರಡತೊಡಗುವುದರಿಂದ, 9 ಗಂಟೆಗೆ ದೀಪವಾರಿಸಿದರೂ ಅವಳ ಕಣ್ಣು ಸುಲಭವಾಗಿ ಮುಚ್ಚದು. ಆ ವಯಸ್ಸಿಗೆ 8ರಿಂದ 10 ಗಂಟೆಗಳ ನಿದ್ರೆ ಬೇಕು. 11ಕ್ಕೆ ಮಲಗಿ 5ಕ್ಕೆ ಎದ್ದವಳಿಗೆ ದೊರೆಯುವುದು ಆರೇ. ಅಂಗಳ ಗುಡಿಸುವುದೂ ನೀರು ತುಂಬುವುದೂ ಅನೇಕ ಮನೆಗಳಲ್ಲಿ ಅವಳ ಪಾಲಿನವೇ. ಅಣ್ಣನು ಆಗ ಮಲಗಿಯೇ ಇರುವನು!

ಕ್ಯಾಲಿಫೋರ್ನಿಯಾದಲ್ಲಿ 2019ರಲ್ಲಿ ಶಾಸನವಾಗಿ, 2022ರಿಂದ ಸರಕಾರಿ ಹೈಸ್ಕೂಲುಗಳು, ಹಳ್ಳಿಗಾಡಿನವುಗಳನ್ನುಳಿದು, 8-30ಕ್ಕೆ ಮುಂಚೆ ಆರಂಭವಾಗುವಂತಿಲ್ಲ. ನಮ್ಮಲ್ಲಾದರೋ ಪರೀಕ್ಷೆ ಸಮೀಪಿಸಿದೊಡನೆ 7ಕ್ಕೇ ವಿಶೇಷ ತರಗತಿ. ತೂಕಡಿಸುವ ತಲೆಗೆ ರೇಖಾಗಣಿತವು ಹತ್ತೀತೆ? ಆ ತರಗತಿಗಳನ್ನು ಸಂಜೆಗೆ ಮಾರ್ಪಡಿಸಬೇಕೆಂದು ಉಪಾಧ್ಯಾಯಿನಿಯರನ್ನೂ, ಬೆಳಗಿನ ಕೆಲಸವನ್ನು ಗಂಡುಮಕ್ಕಳಿಗೂ ಹಂಚಬೇಕೆಂದು ತಾಯ್ತಂದೆಗಳನ್ನೂ ಬೇಡಿಕೊಳ್ಳುತ್ತೇವೆ.