ದಾನವೂ ಪಾಲನೆಯೂ

ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಆವತಿಯು ಇಂದು ದಾರಿಹೋಕರ ಕಣ್ಣಿಗೆ ಸಾಮಾನ್ಯವಾದೊಂದು ಗ್ರಾಮವು. ಆದರೆ ಕಂಚಿಯ ಕಡೆಯಿಂದ ಬಂಡಿ ಕಟ್ಟಿಕೊಂಡು ಬಂದ ರಣಭೈರೇಗೌಡನ ಪರಿವಾರವು ನೆಲೆನಿಂತದ್ದು ಇಲ್ಲಿಯೇ ಎಂದೂ, ಆ ನಾಡಪ್ರಭುಗಳ ವಂಶದವರೇ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳನ್ನು ಕಟ್ಟಿದರೆಂದೂ, 1537ರಲ್ಲಿ ಬೆಂಗಳೂರಿಗೆ ಕೋಟೆಯಿಟ್ಟ ಕೆಂಪೇಗೌಡನೂ ಇದೇ ಮನೆತನದ ಕವಲಿನವನೆಂದೂ ಐತಿಹ್ಯವುಂಟು. ಕೆಂಪೇಗೌಡನು ಕೋಟೆಯೊಡನೆ ಧರ್ಮಾಂಬುಧಿ ಕೆಂಪಾಂಬುಧಿಗಳೆಂಬ ಕೆರೆಗಳನ್ನೂ ಕಟ್ಟಿಸಿದನು. ಧರ್ಮಾಂಬುಧಿಯ ಅಂಗಳದಲ್ಲಿ ಈಗ ಬಸ್ಸುಗಳು ನಿಲ್ಲುತ್ತವೆ. ಆವತಿಯ ಸೀಮೆಗಾದರೋ ವರ್ಷವಿಡೀ ಹರಿಯುವ ಹೊಳೆಯೆಂಬುದಿಲ್ಲ. ನಂದಿಬೆಟ್ಟದ ಸಾಲಿನಲ್ಲಿ ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ಹುಟ್ಟಿದರೂ ಮಳೆ ನಿಂತ ಮೇಲೆ ಅವುಗಳಲ್ಲಿ ಕಾಣುವುದು ಮರಳೇ ಹೊರತು ನೀರಲ್ಲ. ಹೀಗಿರಲು ಈ ಸೀಮೆಯ ಅನ್ನದ ಪ್ರಶ್ನೆಯೆಂದರೆ ಬಹುಮಟ್ಟಿಗೆ ಕೆರೆಯ ಪ್ರಶ್ನೆಯೇ ಸರಿ.

ಗ್ರಾಮಾಭಿವೃದ್ಧಿಗಾಗಿಯೂ ಆಹಾರಭದ್ರತೆಗಾಗಿಯೂ ದಾನಿಗಳೂ ಸರಕಾರಗಳೂ ಕೈಗೂಡಿಸುತ್ತಿರುವುದಾಗಿ ವರದಿಗಳು ಬರುತ್ತಲೇ ಇರುತ್ತವೆ. ಕೈಗೂಡಿಸುವುದು ಒಳ್ಳೆಯದೇ. ಆದರೆ ಆ ವರದಿಗಳಲ್ಲಿ ಕೊಟ್ಟದ್ದರ ಲೆಕ್ಕವಿರುವಷ್ಟು ಕಾಪಾಡಿದ್ದರ ಲೆಕ್ಕವಿರುವುದಿಲ್ಲ. ಈ ನಾಡಿನ ಹಳೆಯ ದಾನಶಾಸನಗಳನ್ನು ಓದಿದವರಿಗೆ ಇದು ವಿಚಿತ್ರವಾಗಿ ತೋರದಿರದು. ದಾನ ಪಾಲನೆಗಳೆರಡರಲ್ಲಿ ಪಾಲನೆಯೇ ಮೇಲೆಂಬ ಮಾತು ಅವುಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವುದು. ಕೊಟ್ಟವನಿಗಿಂತ ಕೆಡಿಸದೆ ನಡೆಸಿಕೊಂಡು ಹೋದವನೇ ಪುಣ್ಯವಂತನೆಂಬ ತೀರ್ಮಾನವನ್ನು ಅಂದಿನವರು ಕಲ್ಲಿನಲ್ಲಿಯೇ ಕೊರೆಯಿಸಿದರು.

ಇದಕ್ಕೆ ದೃಷ್ಟಾಂತವು ಆವತಿಯ ನೆರೆಯಲ್ಲಿಯೇ ಇದೆ. 2002ರಲ್ಲಿ ವಿಶ್ವಬ್ಯಾಂಕಿನ ಅಂಗವಾದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘವು ಸುಮಾರು 10 ಕೋಟಿ ಡಾಲರುಗಳನ್ನು ಒದಗಿಸಲು ಒಪ್ಪಿ, ಕರ್ನಾಟಕದ 9 ಜಿಲ್ಲೆಗಳ ಕೆರೆಗಳನ್ನು ಸಮುದಾಯದ ಮೂಲಕ ಜೀರ್ಣೋದ್ಧಾರ ಮಾಡುವ ಯೋಜನೆಯು ಹೊರಟಿತು. ಅದನ್ನು ನಡೆಯಿಸುವ ಭಾರವನ್ನು ಜಲಸಂವರ್ಧನೆ ಯೋಜನಾ ಸಂಘವು ಹೊತ್ತಿತು. ಆ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಬೆಂಗಳೂರು ಗ್ರಾಮಾಂತರವು ಸೇರಿರಲಿಲ್ಲ. ಚಿಕ್ಕಬಳ್ಳಾಪುರವು 2007ರವರೆಗೂ ಕೋಲಾರ ಜಿಲ್ಲೆಯಲ್ಲಿಯೇ ಇದ್ದುದರಿಂದ ಆವತಿಯಿಂದ ಬಡಗಣಕ್ಕೆ ಒಂದೆರಡು ಹರಿದಾರಿ ನಡೆದರೆ ಯೋಜನೆಯ ಎಲ್ಲೆಯು ಸಿಕ್ಕುತ್ತಿತ್ತು. ಅದೇ ಕಲ್ಲು, ಅದೇ ಕೆಮ್ಮಣ್ಣು, ಅದೇ ಮಳೆ; ಆದರೆ ಎಲ್ಲೆಯಾಚೆಯ ಕೆರೆಗೆ ಹೂಳೆತ್ತುವ ಭಾಗ್ಯ, ಈಚೆಯದಕ್ಕೆ ಜಾಲಿಯ ಗಿಡ. ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಪಣಿಯಾಗಿ ಕಟ್ಟಿದವುಗಳೆಂಬುದನ್ನು ಬಲ್ಲವರು ಜಿಲ್ಲೆಯ ಪಟ್ಟಿಯನ್ನು ಹಿಡಿದು ಅವುಗಳನ್ನು ಆರಿಸುತ್ತಿರಲಿಲ್ಲ.

ಇದು ಚಿಕ್ಕ ದೋಷವೆನ್ನಬಹುದು. ದೊಡ್ಡ ದೋಷವು ಕಾಲದ್ದು. ಈ ಹಣವನ್ನು ದಾನವೆಂದು ಕರೆಯುವುದೇ ತಪ್ಪು, ಅದು ಸಾಲವು. ಬಡ್ಡಿಯೆಂಬ ಹೆಸರಿಲ್ಲದಿದ್ದರೂ ಸೇವಾಶುಲ್ಕವುಂಟು. ಅಂದಿನ ಕಟ್ಟಳೆಯಂತೆ ಮೊದಲ 10 ವರ್ಷ ಅಸಲಿಗೆ ವಿರಾಮವಿದ್ದು, ಒಟ್ಟು 35 ವರ್ಷಗಳಲ್ಲಿ ತೀರಿಸತಕ್ಕದ್ದು. ಯೋಜನೆಯಾದರೋ 2012ರಲ್ಲಿ ಮುಗಿಯಿತು. ಸಾಲಕ್ಕೆ 35 ವರ್ಷದ ಆಯುಸ್ಸು, ಸಾಲದಿಂದಾದ ಕೆಲಸದ ಮೇಲ್ವಿಚಾರಣೆಗೆ 10 ವರ್ಷದ ಆಯುಸ್ಸು! ಸಾಲ ಕೊಟ್ಟವರು ತಮ್ಮ ಹಣದ ಪಾಲನೆಯನ್ನು ಕರಾರಿನಲ್ಲಿ ಚೆನ್ನಾಗಿ ಬರೆಯಿಸಿಕೊಂಡರು. ಸಾಲ ತಂದವರು ಕೆರೆಯ ಪಾಲನೆಯನ್ನು ಹಳ್ಳಿಯವರ ಉತ್ಸಾಹಕ್ಕೆ ಬಿಟ್ಟರು. ವಂತಿಗೆಯೆತ್ತಿ ಕೆರೆಯ ಸಂಘವನ್ನು ಮಾಡಿಕೊಂಡ ಗ್ರಾಮದವರು ಹಣ ಬರುವಷ್ಟು ದಿನ ಸಭೆ ಸೇರಿದರು. ಆಮೇಲೆ ಏರಿಗೆ ಬಿಲ ಬಿದ್ದಾಗ ಮಣ್ಣು ತುಂಬುವವನಾರು, ತೂಬು ಕಚ್ಚಿಕೊಂಡಾಗ ಇಳಿದು ನೋಡುವವನಾರು, ಅವನ ಕೂಲಿಯನ್ನು ಯಾವ ಬಾಬಿನಿಂದ ಕೊಡುವುದು?

ಇಲ್ಲಿ ಕೆಲವರು, ಹೊರದೇಶದ ಹಣವೇ ವಿಷವೆಂದೂ ಅದನ್ನು ಮುಟ್ಟಿದ್ದೇ ಅನರ್ಥಕ್ಕೆ ಮೂಲವೆಂದೂ ವಾದಿಸುವರು. ಆ ವಾದಕ್ಕೆ ಆಧಾರವಿಲ್ಲದಿಲ್ಲ. 1965-66ರ ಬರಗಾಲದಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ನರು ಗೋದಿಯ ಹಡಗುಗಳನ್ನು ಒಮ್ಮೆಗೆ ಸ್ವಲ್ಪಸ್ವಲ್ಪವಾಗಿ ಬಿಟ್ಟು ಭಾರತವನ್ನು ಬಿಗಿಹಗ್ಗದಲ್ಲಿ ಹಿಡಿದದ್ದನ್ನು ಹಳಬರು ಮರೆತಿಲ್ಲ. ಆದರೂ ವಾದವು ಪೂರ್ತಿಯಾಗಿ ನಿಲ್ಲದು. ಅದೇ ವಿಶ್ವಬ್ಯಾಂಕಿನ ನೆರವಿನಿಂದ 1974ರಲ್ಲಿ ಕರ್ನಾಟಕದಲ್ಲಿ ಹಾಲಿನ ಅಭಿವೃದ್ಧಿಯ ಕೆಲಸವು ಮೊದಲಾಯಿತು. ಅದಕ್ಕೆಂದು ಹುಟ್ಟಿದ ನಿಗಮವೇ ಮುಂದೆ ಕರ್ನಾಟಕ ಹಾಲು ಮಹಾಮಂಡಲವಾಯಿತು. ಇಂದು ದೇವನಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಬೆಳಗಿನ ಜಾವ ಹಾಲಿನ ಡೈರಿಯ ಮುಂದೆ ಹೆಂಗಸರು ಕ್ಯಾನು ಹಿಡಿದು ನಿಂತಿರುವುದನ್ನು ಯಾರಾದರೂ ನೋಡಬಹುದು. ಆ ಹಾಲು ಬೆಂಗಳೂರು ಹಾಲು ಒಕ್ಕೂಟಕ್ಕೆ ಹೋಗಿ ನಂದಿನಿಯೆಂಬ ಹೆಸರಿನಿಂದ ಪಟ್ಟಣದ ಬಾಗಿಲಿಗೆ ಮುಟ್ಟುತ್ತದೆ. ಸಾಲಿಗನೊಬ್ಬನೇ, ಸರಕಾರವೊಂದೇ, ಗ್ರಾಮದ ಜನರೂ ಅವರೇ. ಹಾಲಿನ ಸಂಘವೇಕೆ ಉಳಿಯಿತು, ಕೆರೆಯ ಸಂಘವೇಕೆ ಬಳಲಿತು?

ಉತ್ತರವು ಗೂಢವಾದುದಲ್ಲ. ಹಾಲಿನ ಸಂಘಕ್ಕೆ ಸಂಬಳದ ಕಾರ್ಯದರ್ಶಿಯಿದ್ದಾನೆ. ಹಾಲನ್ನು ಅಳೆದು ಕೊಬ್ಬಿನಂಶವನ್ನು ಪರೀಕ್ಷಿಸುವವನಿದ್ದಾನೆ. ಅವರ ಕೂಲಿಯು ಹಾಲಿನ ಹಣದಿಂದಲೇ ಹುಟ್ಟುತ್ತದೆ. ದಿನಕ್ಕೆರಡು ಸಾರಿ ಲೆಕ್ಕ ನಡೆಯುವುದರಿಂದ ಮೋಸವಾದರೆ ಮರುದಿನವೇ ಜಗಳವಾಗುವುದು. ಪಾಲನೆಯು ಅಲ್ಲಿ ಯಾರ ಔದಾರ್ಯವೂ ಅಲ್ಲ, ಉದ್ಯೋಗವು. ಕೆರೆಗೆ ಅಂಥ ಉದ್ಯೋಗಸ್ಥನಿಲ್ಲ.

ಹಿಂದೆ ಇದ್ದನು. ಅವನೇ ನೀರುಗಂಟಿ. ಪೂರ್ವಕಾಲದಲ್ಲಿ ಕೆರೆಯನ್ನು ಹಳ್ಳಿಯವರು ಬಿಟ್ಟಿಯಾಗಿ ನೋಡಿಕೊಳ್ಳುತ್ತಿದ್ದರೆಂದೂ ಈಗಿನವರು ಸೋಮಾರಿಗಳಾದರೆಂದೂ ಪಟ್ಟಣದ ಸಭೆಗಳಲ್ಲಿ ಹೇಳುವ ಮಹನೀಯರಿಗೆ ಕಟ್ಟುಕೊಡಗಿಯೆಂಬ ಶಬ್ದದ ಪರಿಚಯವಿದ್ದಂತಿಲ್ಲ. ಕೆರೆಯನ್ನು ಕಟ್ಟಿಸಿದವನಿಗೂ ಅದನ್ನು ಸುಸ್ಥಿತಿಯಲ್ಲಿ ಇಡುವವನಿಗೂ ಕಂದಾಯದ ವಿನಾಯಿತಿಯೊಡನೆ ಭೂಮಿ ಬಿಡುತ್ತಿದ್ದರು. ನೀರುಗಂಟಿಗೆ ಅಚ್ಚುಕಟ್ಟಿನ ಗದ್ದೆಗದ್ದೆಯಿಂದಲೂ ಕಣದಲ್ಲಿ ಧಾನ್ಯ ಸಲ್ಲುತ್ತಿತ್ತು. ದಾನಿಯೂ ಪ್ರಭುತ್ವವೂ ಕೂಡಿ ಮಾಡಿದ ಆ ಏರ್ಪಾಟಿನಲ್ಲಿ ಹಣವು ಒಮ್ಮೆ ಬಂದು ಹೋಗುವುದಲ್ಲ. ಕೆರೆಯಿರುವವರೆಗೂ ಕೆರೆಯಿಂದಲೇ ಹುಟ್ಟುವುದು. ಹಾಗೆಂದು ಆ ಪದ್ಧತಿಯನ್ನು ಹಾಗೆಯೇ ಮರಳಿ ತರಬೇಕೆಂದರೆ ಅದು ಅನ್ಯಾಯವಾದೀತು. ನೀರುಗಂಟಿಕೆಯು ಬಹುಕಡೆ ದಲಿತರ ಮನೆತನಗಳ ಮೇಲೆ ಹುಟ್ಟಿನಿಂದಲೇ ಹೇರಿದ್ದ ಹೊರೆ. ಎಲ್ಲರ ಗದ್ದೆಗೂ ನೀರು ಹಾಯಿಸಿದವನು ಊರ ಬಾವಿಯಲ್ಲಿ ನೀರು ಸೇದುವಂತಿರಲಿಲ್ಲ. 1961ರ ಕಾಯಿದೆಯು ಪರಂಪರಾಗತ ಗ್ರಾಮಾಧಿಕಾರಗಳನ್ನು ರದ್ದು ಮಾಡಿದ್ದು ನ್ಯಾಯವೇ. ಆದರೆ ವಂಶಪಾರಂಪರ್ಯವನ್ನು ತೆಗೆಯುವ ಭರದಲ್ಲಿ ಕೆಲಸವನ್ನೇ ತೆಗೆದುಹಾಕಿ, ಆ ಸ್ಥಾನಕ್ಕೆ ಯಾವ ಜಾತಿಯವನಾದರೂ ಬರಬಹುದಾದ ಸಂಬಳದ ನೌಕರನನ್ನು ನೇಮಿಸದೆ ಬಿಟ್ಟದ್ದು ಯಾವ ನ್ಯಾಯ? ಇಂದು 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆಯಾದರೆ ಸಣ್ಣ ನೀರಾವರಿ ಇಲಾಖೆಗೆ, ಕಡಮೆಯದಾದರೆ ಪಂಚಾಯಿತಿಗೆ ಎಂದು ಹಂಚಿದ್ದಾರೆ. ರಾಜ್ಯದಲ್ಲಿ 36,000ಕ್ಕೂ ಮಿಕ್ಕಿದ ಕೆರೆಗಳಿವೆ. ಒಡೆಯರ ಪಟ್ಟಿ ಸಿದ್ಧವಾಗಿದೆ, ಆಳಿನ ಪಟ್ಟಿಯಿಲ್ಲ.

ಇನ್ನು ಮೂರನೆಯ ಆಕ್ಷೇಪಣೆಯು ನಯವಾದುದು. 2013ರ ಆಹಾರಭದ್ರತಾ ಕಾಯಿದೆಯಿಂದಲೂ ಅದೇ ವರ್ಷ ತೊಡಗಿದ ಅನ್ನಭಾಗ್ಯದಿಂದಲೂ ಬಡವನ ಮಡಕೆಗೆ ಅಕ್ಕಿ ಬರುತ್ತಿರುವಾಗ ಒಣಗಿದ ಕೆರೆಗಾಗಿ ಈ ಅಳಲೇಕೆಂಬುದು. ಪಡಿತರವು ಹಸಿವನ್ನು ಹಿಂಗಿಸಿದೆ. ಅದನ್ನು ಹಳಿಯುವವನು ಹಸಿದವನಲ್ಲ. ಆದರೆ 2023ರಲ್ಲಿ ಏನಾಯಿತು? ಹೆಚ್ಚಿನ 5 ಕಿಲೋ ಅಕ್ಕಿ ಕೊಡಲು ರಾಜ್ಯವು ಹೊರಟಾಗ ಕೇಂದ್ರದ ಉಗ್ರಾಣವು ಅಕ್ಕಿ ಮಾರಲು ಒಪ್ಪಲಿಲ್ಲ. ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಗಳನ್ನು ಬ್ಯಾಂಕಿನ ಖಾತೆಗೆ ಹಾಕಬೇಕಾಯಿತು. 2025ರಲ್ಲಿಯಷ್ಟೇ ಹಣದ ಬದಲು ಅಕ್ಕಿ ಬಂದಿತು. ಒಂದೇ ದೇಶದ ಎರಡು ಸರಕಾರಗಳ ಸಹಕಾರವೇ ಇಷ್ಟು ಸೂಕ್ಷ್ಮವಾಗಿರುವಾಗ ಹೊಲದಲ್ಲಿ ಬೆಳೆದ ರಾಗಿಗೆ ಸಮನಾದ ಭದ್ರತೆ ಯಾವುದು? ಆ ರಾಗಿಗೂ ಹೊರನಾಡಿನ ಋಣವುಂಟೆಂಬುದು ಸ್ವಾರಸ್ಯವಾದ ಸಂಗತಿ. ಮಂಡ್ಯದ ವಿ.ಸಿ. ಫಾರಮಿನಲ್ಲಿ ಲಕ್ಷ್ಮಣಯ್ಯನವರು ನಾಡಿನ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಹೊರತಂದರು. ಹೊರಗಿನದನ್ನು ತಂದು ವರ್ಷಾನುವರ್ಷ ಜೋಪಾನ ಮಾಡಿದುದರಿಂದ ಅದು ಇಲ್ಲಿಯದಾಯಿತು.

ರಾಗಿ ಬೆಳೆಯುವ ನೆಲವಾದರೂ ಉಳಿಯಬೇಡವೇ? 2008ರಲ್ಲಿ ವಿಮಾನನಿಲ್ದಾಣವು ತೆರೆದಂದಿನಿಂದ ದೇವನಹಳ್ಳಿಯ ಹೊಲಗಳಿಗೆ ಗಜದ ಲೆಕ್ಕದಲ್ಲಿ ಬೆಲೆ ಬಂದಿದೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಸರಕಾರವು ಕೇಳಿದಾಗ ರೈತರು ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. ಅದನ್ನು ಕೈಬಿಟ್ಟುದಾಗಿ ಮುಖ್ಯಮಂತ್ರಿಗಳು 2025ರ ಜುಲೈ 15ರಂದು ಸಾರಿದರು. ಒಂದು ಕೈಯಿಂದ ಪಡಿತರ ಕೊಟ್ಟು ಇನ್ನೊಂದು ಕೈಯಿಂದ ಗದ್ದೆ ಬೇಡುವ ಸರಕಾರವು ಹೊರಗಿನ ದಾನಿಯ ಮುಂದೆ ಆಹಾರಭದ್ರತೆಯ ಮಾತನ್ನು ಎತ್ತುವಾಗ ಸ್ವಲ್ಪ ಸಂಕೋಚಪಡಬೇಕು.

2020ರಿಂದ ಐದು ವರ್ಷಕ್ಕೆಂದು ಗೊತ್ತುಮಾಡಿ, ಕರ್ನಾಟಕವೂ ಸೇರಿದಂತೆ 7 ರಾಜ್ಯಗಳಲ್ಲಿ ನಡೆಸಿದ ಅಟಲ್ ಭೂಜಲ ಯೋಜನೆಗೆ 6,000 ಕೋಟಿ ರೂಪಾಯಿ; ಅದರಲ್ಲಿ ಅರ್ಧವು ಮತ್ತೆ ವಿಶ್ವಬ್ಯಾಂಕಿನ ಸಾಲವೇ. ಹಳ್ಳಿಯವರೇ ಅಂತರ್ಜಲವನ್ನು ಅಳೆಯಬೇಕೆಂಬ ಅದರ ಉದ್ದೇಶವು ಮೆಚ್ಚತಕ್ಕದ್ದು. ಸಾವಿರ ಅಡಿ ಕೊರೆದರೂ ದೂಳೆದ್ದು ಬರುವ ಕೊಳವೆಬಾವಿಗಳ ಸೀಮೆಯಲ್ಲಿ ಅಳೆಯುವುದು ಅವಶ್ಯವೇ. ಆದರೆ ಇಲ್ಲಿಯೂ ಅದೇ ಪ್ರಶ್ನೆ: ಆರನೆಯ ವರ್ಷ ಅಳೆಯುವವನಿಗೆ ಕೂಲಿ ಯಾರದು?

ಆದುದರಿಂದ ಇನ್ನು ಮುಂದೆ ಇಂಥ ಕರಾರಿಗೆ ರುಜು ಹಾಕುವ ಅಧಿಕಾರಿಗಳು ಮೂರು ಸಂಗತಿಗಳನ್ನು ಅದರಲ್ಲಿ ಬರೆಯಿಸಲಿ. ಹಣದ ಒಂದು ಭಾಗವನ್ನು ಗಾರೆ ಕಲ್ಲುಗಳಿಗೆ ಸುರಿಯದೆ ಮೂಲಧನವಾಗಿ ಇಟ್ಟು ಅದರ ಬಡ್ಡಿಯಿಂದ ಕೆರೆಗೊಬ್ಬ ನೀರುಗಂಟಿಗೆ ತಿಂಗಳ ಸಂಬಳ ಸಲ್ಲತಕ್ಕದ್ದು. ಆ ನೇಮಕಕ್ಕೆ ಜಾತಿಯೂ ವಂಶವೂ ಕಾರಣವಾಗಕೂಡದು. ಸಾಲವು ತೀರುವವರೆಗೂ, ಯೋಜನೆಯ ಕಚೇರಿ ಮುಚ್ಚಿದರೂ, ವರ್ಷಕ್ಕೊಮ್ಮೆ ಏರಿ, ತೂಬು, ಕೋಡಿ, ರಾಜಕಾಲುವೆಗಳ ಸ್ಥಿತಿಯನ್ನು ಗ್ರಾಮಸಭೆಯ ಮುಂದೆ ಓದತಕ್ಕದ್ದು. 2002ರ ಸಾಲದ ಕಡೆಯ ಕಂತು ಸಲ್ಲಬೇಕಾದುದು 2037ರ ಸುಮಾರಿಗೆ. ಆ ಸಾಲದಿಂದ ಹೂಳೆತ್ತಿಸಿದ ಕೆರೆಗಳನ್ನು ಈ ವರ್ಷದ ಮುಂಗಾರಿಗೆ ಮೊದಲೇ ಒಂದು ಸಾರಿ ಸುತ್ತಿ ನೋಡಿ ಬರಲು ಯಾವ ಹೊಸ ಸಾಲವೂ ಬೇಕಾಗಿಲ್ಲ.